ಎರಡು ಪುಟದ ಕೇಸ್ ಸ್ಟಡಿ: ಕೊಡಗಿನ ಯಾವ ವ್ಯವಹಾರ ಆರಿಸಲಿ, ಹೇಗೆ ಬರೆಯಲಿ?

ಸುಂಟಿಕೊಪ್ಪ ಬಿಬಿಎ

ಎಲ್ಲರಿಗೂ ನಮಸ್ಕಾರ. ನಾನು ಬಿಬಿಎ ಎರಡನೇ ವರ್ಷದಲ್ಲಿದ್ದೀನಿ. ಈ ಸೆಮಿಸ್ಟರ್ ಇಂಟರ್ನಲ್ ಮಾರ್ಕ್ಸ್‌ಗೆ ಸಣ್ಣ ಕೇಸ್ ಸ್ಟಡಿಗಳನ್ನ ಬರೆದುಕೊಡಬೇಕು. ಒಂದೊಂದೂ ಎರಡು ಪುಟ ಮೀರುವ ಹಾಗಿಲ್ಲ. ಅದರಲ್ಲಿ ಒಂದು ನಮ್ಮ ಜಿಲ್ಲೆಯ ವ್ಯವಹಾರದ ಬಗ್ಗೆಯೇ ಇರಬೇಕು, ನಾವೇ ಹೋಗಿ ಕೇಳಿ ತಿಳಿದು ಬರೆಯಬೇಕು ಅಂತ ಸರ್ ಹೇಳಿದ್ದಾರೆ.

ಕ್ಲಾಸಲ್ಲಿ ಹೆಚ್ಚಿನವರು ಕೆಫೆ ಕಾಫಿ ಡೇ ತಗೊಂಡಿದ್ದಾರೆ. ಇನ್ನು ಕೆಲವರು ಅಮುಲ್. ನನಗೆ ಹತ್ತಿರದ್ದೇ ಏನಾದರೂ ಬೇಕು. ಮಾವನ ಕಾಫಿ ತೋಟ ಇದೆ, ಪರಿಚಯದವರ ಹೋಂಸ್ಟೇ ಇದೆ, ಮಡಿಕೇರಿಯಲ್ಲಿ ಹೋಂಮೇಡ್ ಚಾಕಲೇಟ್ ಅಂಗಡಿ ನಡೆಸುವವರೊಬ್ಬರು ಮಾತಾಡ್ತೀನಿ ಅಂದಿದ್ದಾರೆ. ಮೂರರಲ್ಲಿ ಯಾವುದು ಒಳ್ಳೇದು? ಎರಡು ಪುಟದಲ್ಲಿ ಏನೇನು ಬರಬೇಕು? ಸ್ವಾಟ್ (ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯಗಳ ಪಟ್ಟಿ) ಹಾಕಲೇಬೇಕಾ?

ವಿರಾಜಪೇಟೆ ಕಾಮರ್ಸ್ ಮೇಡಂ

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ಸರ್ ಕೇಳಿರುವುದು ಕೇಸ್ ಬರೆಯುವುದನ್ನೋ, ಕೇಸಿನ ವಿಶ್ಲೇಷಣೆ ಬರೆಯುವುದನ್ನೋ? ಎರಡೂ ಬೇರೆ ಬೇರೆ ಕೆಲಸ. ಕೇಸ್ ಅಂದರೆ ಒಬ್ಬರ ಮುಂದೆ ಬಂದು ನಿಂತ ಪರಿಸ್ಥಿತಿಯನ್ನು ಓದುವವರ ಮುಂದಿಡುವುದು, ಉತ್ತರ ಹೇಳದೆ. ವಿಶ್ಲೇಷಣೆ ಅಂದರೆ ಆ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ಲೆಕ್ಕ, ಕಾರಣಗಳ ಸಮೇತ ಹೇಳುವುದು. ಎರಡನ್ನೂ ಕಲಸಿ ಬರೆದ ಅಸೈನ್‌ಮೆಂಟ್‌ಗಳು ಪ್ರತಿ ವರ್ಷ ನನ್ನ ಮೇಜಿಗೆ ರಾಶಿ ಬೀಳುತ್ತವೆ. ಎರಡು ಪುಟ ಅಂದಿದ್ದಾರೆ ಅಂದರೆ ಬಹುಶಃ ಒಂದು ಪುಟ ಕೇಸ್, ಒಂದು ಪುಟ ವಿಶ್ಲೇಷಣೆ. ನಾಳೆಯೇ ಕೇಳಿಬಿಡಿ.

ಆಯ್ಕೆಯ ಬಗ್ಗೆ: ವ್ಯವಹಾರ ಯಾವುದು ಅನ್ನುವುದಕ್ಕಿಂತ ಅದರೊಳಗೆ ಒಂದು ತೀರ್ಮಾನ ಸಿಗುತ್ತದೆಯೇ ಅಂತ ನೋಡಿ. ಯಾರೋ ಒಬ್ಬರು, ಒಂದು ದಿನಾಂಕದ ಒಳಗೆ, ಎರಡು ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕು. ಅದು ಸಿಕ್ಕರೆ ಪೆಟ್ಟಿಗೆ ಅಂಗಡಿಯೂ ಒಳ್ಳೆಯ ಕೇಸ್. ಸಿಗದಿದ್ದರೆ ಎಷ್ಟು ದೊಡ್ಡ ಕಂಪನಿ ಆದರೂ ಬರುವುದು ಪರಿಚಯ ಲೇಖನ ಮಾತ್ರ.

ಕಾಫಿ ಡೇ ಬಗ್ಗೆ ಬರೆಯಬಾರದು ಅಂತಲ್ಲ. ಆದರೆ 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಮಳಿಗೆ ತೆರೆದದ್ದರಿಂದ ಹಿಡಿದು 2019ರ ಜುಲೈನಲ್ಲಿ ಸ್ಥಾಪಕ ಸಿದ್ಧಾರ್ಥ ಅವರ ಸಾವಿನವರೆಗೆ ಎಲ್ಲವನ್ನೂ ಎರಡು ಪುಟಕ್ಕೆ ತುರುಕಿದರೆ ವಿಶ್ಲೇಷಣೆಗೆ ಜಾಗ ಎಲ್ಲಿ? ಅದನ್ನೇ ಹೀಗೆ ಹಿಡಿಯಬಹುದು: 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆ ಸಿಇಒ ಆಗುತ್ತಾರೆ. ಸಾಲ ತೀರಿಸಬೇಕು, ಕೋವಿಡ್‌ನಿಂದ ಮಳಿಗೆಗಳಲ್ಲಿ ಜನ ಇಲ್ಲ. ಯಾವ ಬಗೆಯ ಮಳಿಗೆಯನ್ನು ಮೊದಲು ಮುಚ್ಚಬೇಕು, ಯಾವುದನ್ನು ಉಳಿಸಿಕೊಳ್ಳಬೇಕು? ಈ ಒಂದು ಪ್ರಶ್ನೆಗೆ ಎರಡು ಪುಟ ಸರಿಹೋಗುತ್ತದೆ.

ಬೆಂಗಳೂರಲ್ಲಿರೋ ಮಡಿಕೇರಿಯವ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಎಂಬಿಎನಲ್ಲಿ ನಮಗೆ ಇದನ್ನೇ ತಲೆಗೆ ತುಂಬಿದ್ದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೊದಲ ಲಿಖಿತ ಕೇಸ್ 1921ರದ್ದು, ಜನರಲ್ ಶೂ ಕಂಪನಿ ಅಂತ. ಅದರ ವಿಷಯ ಕಂಪನಿಯ ಚರಿತ್ರೆ ಅಲ್ಲ. ಕೆಲಸಗಾರರು ಪಾಳಿ ಮುಗಿಯೋ ಮೊದಲೇ ಕೆಲಸ ನಿಲ್ಲಿಸ್ತಾ ಇದ್ದಾರೆ, ಮ್ಯಾನೇಜ್‌ಮೆಂಟ್ ಏನು ಮಾಡಬೇಕು ಅನ್ನೋದು. 1961ರಲ್ಲಿ ಶುರುವಾದ ಐಐಎಂ ಅಹಮದಾಬಾದ್ ಹಾರ್ವರ್ಡ್ ಜೊತೆ ಸೇರಿ ಇದೇ ಪದ್ಧತಿಯನ್ನ ಇಲ್ಲಿಗೆ ತಂತು. ನೂರು ವರ್ಷ ಆದ್ರೂ ತಿರುಳು ಬದಲಾಗಿಲ್ಲ.

ಒಂದು ಮಾತು ಮಾತ್ರ ಸೇರಿಸ್ತೀನಿ. ಮಾರ್ಕ್ಸ್ ಕೊಡೋರು ಫ್ರೇಮ್‌ವರ್ಕ್ (ವಿಶ್ಲೇಷಣೆಯ ಸಿದ್ಧ ಚೌಕಟ್ಟು) ಹುಡುಕ್ತಾರೆ. ಸ್ವಾಟ್, ನಾಲ್ಕು ಪಿ, ಪೋರ್ಟರ್‌ನ ಐದು ಶಕ್ತಿಗಳು, ಇವುಗಳಲ್ಲಿ ಒಂದಾದರೂ ಇರಲಿ.

ವಿರಾಜಪೇಟೆ ಕಾಮರ್ಸ್ ಮೇಡಂ

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಫ್ರೇಮ್‌ವರ್ಕ್ ಹಾಕಿದ್ದಕ್ಕೆ ಮಾರ್ಕ್ಸ್ ಕೊಡುವುದಿಲ್ಲ, ಅದರಿಂದ ತೀರ್ಮಾನ ಬದಲಾದರೆ ಕೊಡುತ್ತೇನೆ. ಹೋಂಸ್ಟೇ ಸ್ವಾಟ್‌ನಲ್ಲಿ "ಶಕ್ತಿ: ಸುಂದರ ಪರಿಸರ" ಅಂತ ಬರೆದರೆ ಏನು ಉಪಯೋಗ? ಪಕ್ಕದ ಹೋಂಸ್ಟೇಗೂ ಅದೇ ಬೆಟ್ಟ, ಅದೇ ಮಂಜು. "ದೌರ್ಬಲ್ಯ: ಮನೆಯ ದಾರಿ ಕೊನೆಯ ಭಾಗ ಮಣ್ಣಿನದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಕಾರು ಹತ್ತುವುದಿಲ್ಲ" ಅಂತ ಬರೆದರೆ ಅದು ಮಳೆಗಾಲದ ಬಾಡಿಗೆಯ ತೀರ್ಮಾನಕ್ಕೆ ನೇರವಾಗಿ ತಾಗುತ್ತದೆ. ಅಂಥ ಎರಡು ಸಾಲು ಸಾಕು, ನಾಲ್ಕು ಚೌಕ ತುಂಬಿಸಲೇಬೇಕೆಂದಿಲ್ಲ.

ಸಿದ್ದಾಪುರ ಬೆಳೆಗಾರ

ಮಗಳೇ, ಕಾಫಿ ತಗೊ. ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ಇಲ್ಲಿ ಎಲ್ಲರ ಮನೇಲೂ ಅದೇ ಪ್ರಶ್ನೆ. ಚೆರಿ, ಅಂದ್ರೆ ಕಾಫಿ ಹಣ್ಣು, ಕಣದಲ್ಲಿ ಒಣಗಿ ಚೀಲಕ್ಕೆ ಬಿದ್ದಾಯ್ತು, ಈಗ ಕೊಡೋದಾ, ಮಳೆಗಾಲದವರೆಗೆ ಇಡೋದಾ? ಇದಕ್ಕಿಂತ ದೊಡ್ಡ ತೀರ್ಮಾನ ಯಾವ ಕಂಪನಿಯಲ್ಲಿದೆ ಹೇಳು.

ಇನ್ನೊಂದು ವಿಷಯ ನಿನ್ನ ಕೇಸಿಗೆ ಉಪಯೋಗ ಆಗಬಹುದು. ನಮ್ಮ ಅಪ್ಪನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಕಾಫಿ ಒಟ್ಟು ಸೇರೋ ಕಡೆಗೆ) ಹೋಗ್ಬೇಕಿತ್ತು. ಮಾರೋದು ಬೋರ್ಡು, ದುಡ್ಡು ಬರೋದು ಕಂತಿನಲ್ಲಿ. 1990ರ ದಶಕದಲ್ಲಿ ಅದನ್ನ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಅಲ್ಲಿಂದೀಚೆಗೆ ಯಾವಾಗ ಮಾರೋದು ಅನ್ನೋ ಹೊಣೆ ಬೆಳೆಗಾರನ ಹೆಗಲಿಗೆ ಬಿತ್ತು. ಬ್ರೆಜಿಲ್‌ನಲ್ಲಿ ಹಿಮ ಬಿದ್ರೆ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ರೆ ಇಲ್ಲಿ ರೇಟು ಏರುತ್ತೆ. ಹೊಸ ಸಹಸ್ರಮಾನದ ಶುರುವಿನ ವರ್ಷಗಳಲ್ಲಿ ರೇಟು ನೆಲ ಕಚ್ಚಿದ್ದನ್ನೂ ನೋಡಿದ್ದೀವಿ, 2024ರಲ್ಲಿ ರೋಬಸ್ಟಾ ಆಕಾಶಕ್ಕೆ ಹೋದದ್ದನ್ನೂ ನೋಡಿದ್ದೀವಿ. ಎರಡಕ್ಕೂ ಕಾರಣ ಈ ಜಿಲ್ಲೆಯಿಂದ ಹೊರಗೇ ಇದ್ದದ್ದು.

ಸುಂಟಿಕೊಪ್ಪ ಬಿಬಿಎ

ತುಂಬಾ ಧನ್ಯವಾದ. ಸರ್ ಹತ್ರ ಕೇಳಿದೆ, ಒಂದು ಪುಟ ಕೇಸ್, ಒಂದು ಪುಟ ವಿಶ್ಲೇಷಣೆ ಅಂದ್ರು. ಕಾಫಿಯೇ ತಗೊಳ್ತೀನಿ. ಶುರು ಮಾಡಿದ್ದೀನಿ, ನೋಡಿ ಹೇಳಿ:

"ಕೊಡಗು ಕರ್ನಾಟಕದ ಒಂದು ಸುಂದರ ಜಿಲ್ಲೆ. ಇದನ್ನು ಭಾರತದ ಸ್ಕಾಟ್ಲೆಂಡ್ ಎಂದು ಕರೆಯುತ್ತಾರೆ. ಇಲ್ಲಿ ಅರೇಬಿಕಾ ಮತ್ತು ರೋಬಸ್ಟಾ ಎಂಬ ಎರಡು ಬಗೆಯ ಕಾಫಿಯನ್ನು ಬೆಳೆಯುತ್ತಾರೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ದೊರೆತಿದೆ. ಕಾಫಿ ಬೆಳೆಗಾರರು ಹಲವಾರು ಸಮಸ್ಯೆಗಳನ್ನು ಎದುರಿಸುತ್ತಿದ್ದಾರೆ. ಅವುಗಳಲ್ಲಿ ಬೆಲೆಯ ಏರಿಳಿತ, ಕಾರ್ಮಿಕರ ಕೊರತೆ, ಕಾಡಾನೆ ಹಾವಳಿ ಮುಖ್ಯವಾದವು. ನನ್ನ ಮಾವನವರು ಸಹ ಒಬ್ಬ ಬೆಳೆಗಾರರು."

ಗೋಣಿಕೊಪ್ಪ ಲೆಕ್ಕಪತ್ರ

ಕೊನೆಯ ಸಾಲಿನಿಂದ ಕೇಸ್ ಶುರುವಾಗುತ್ತದೆ. ಅದರ ಹಿಂದಿನದ್ದೆಲ್ಲ ತೆಗೆಯಿರಿ.

ನಿಜವಾಗಿ ಹೇಳ್ತಿದ್ದೀನಿ, ಬೇಸರ ಮಾಡ್ಕೋಬೇಡಿ. ಜಿಐ ಟ್ಯಾಗ್ ಸಿಕ್ಕಿದ್ದು ಅರೇಬಿಕಾಗೆ, ನಿಮ್ಮ ಮಾವ ಬೆಳೆಯೋದು ರೋಬಸ್ಟಾ ಆದರೆ ಆ ಸಾಲಿಗೂ ಅವರ ತೀರ್ಮಾನಕ್ಕೂ ಸಂಬಂಧ ಇಲ್ಲ. ಕಾಡಾನೆ ದೊಡ್ಡ ಸಮಸ್ಯೆಯೇ, ಆದರೆ ಗೋಡೌನ್‌ನಲ್ಲಿರೋ ಚೀಲ ಈಗ ಮಾರಬೇಕಾ ಅನ್ನೋ ಪ್ರಶ್ನೆಗೆ ಆನೆ ಬರೋದಿಲ್ಲ. ಓದೋರಿಗೆ ಬೇಕಾಗಿರೋದು: ಎಷ್ಟು ಚೀಲ ಇದೆ, ಓಟಿ ಎಷ್ಟು, ಇವತ್ತಿನ ರೇಟ್ ಎಷ್ಟು, ಸಾಲ ಎಷ್ಟು, ಯಾವಾಗ ಕಟ್ಟಬೇಕು, ಇಡೋಕೆ ಜಾಗ ಇದೆಯಾ. ಮಾವನ ಹತ್ರ ಕೂತು ಇಷ್ಟು ಕೇಳ್ಕೊಂಡು ಬನ್ನಿ.

ಸುಂಟಿಕೊಪ್ಪ ಬಿಬಿಎ

ಓಟಿ ಅಂದ್ರೆ ಮನೇಲಿ ಮಾತಾಡೋದು ಕೇಳಿದ್ದೀನಿ, ಲೆಕ್ಕ ಗೊತ್ತಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಸಿದ್ದಾಪುರ ಬೆಳೆಗಾರ

ಓಟಿ ಅಂದ್ರೆ ಔಟ್‌ಟರ್ನ್. 50 ಕೆಜಿಯ ಒಣ ಚೆರಿ ಚೀಲ ಇದೆ ಅಂತಿಟ್ಕೊ. ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋದೇ ಓಟಿ. ವ್ಯಾಪಾರಿ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೀತಾನೆ, ಸಣ್ಣ ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸಿ ಬೀಜ ತೂಗ್ತಾನೆ, ತೇವ ನೋಡೋ ಮೀಟರ್‌ಗೂ ಹಾಕ್ತಾನೆ. 27 ಬಂತು ಅಂದ್ರೆ, ಆ ದಿನದ ಓಟಿ ರೇಟನ್ನ 27ರಿಂದ ಗುಣಿಸು, ಅದು ಒಂದು ಚೀಲದ ಬೆಲೆ. ಒಂದು ಓಟಿ ಆಚೀಚೆ ಆದ್ರೂ ನೂರು ಚೀಲಕ್ಕೆ ದೊಡ್ಡ ಮೊತ್ತವೇ ಆಗುತ್ತೆ.

ಸರಿಯಾಗಿ ಒಣಗಿದ ಚೆರಿಯನ್ನ ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ರ ಅಲ್ಲಾಡಿಸಿದ್ರೆ ಗಲಗಲ ಅನ್ನುತ್ತೆ. ಒಳಗೆ ಬೀಜ ಸಡಿಲ ಆಗಿರುತ್ತೆ. ಸದ್ದು ಮಂಕಾಗಿದ್ರೆ ಇನ್ನೂ ಎರಡು ಬಿಸಿಲು ಬೇಕು. ಹಸಿ ಉಳಿದದ್ದನ್ನ ಚೀಲಕ್ಕೆ ತುಂಬಿ ಮಳೆಗಾಲದವರೆಗೆ ಇಟ್ರೆ ಬೂಷ್ಟು ಬರುತ್ತೆ, ಆಮೇಲೆ ರೇಟು ಏರಿದ್ರೂ ನಿನಗೆ ಸಿಗೋದಿಲ್ಲ. ಹಾಗಾಗಿ "ಇಡಬಹುದಾ" ಅನ್ನೋದು ಮೊದಲು ಕಣದಲ್ಲೇ ತೀರ್ಮಾನ ಆಗುತ್ತೆ. ಇದನ್ನ ಕೇಸಲ್ಲಿ ಹಾಕು.

ಗೋಣಿಕೊಪ್ಪ ಲೆಕ್ಕಪತ್ರ

ನಾನು ಒಂದು ಲೆಕ್ಕ ಮಾಡಿ ತೋರಿಸ್ತೀನಿ. ಇವೆಲ್ಲ ಕಲಿಯೋಕೆ ಇಟ್ಟುಕೊಂಡ ಅಂಕಿಗಳು, ಇವತ್ತಿನ ಮಾರುಕಟ್ಟೆ ರೇಟ್ ಅಲ್ಲ. ಮಾವನ ನಿಜವಾದ ಅಂಕಿ ಸಿಕ್ಕಾಗ ಬದಲಾಯಿಸಿಕೊಳ್ಳಿ.

100 ಚೀಲ ಚೆರಿ. 27 ಓಟಿ. ಓಟಿಗೆ ₹300. ಒಂದು ಚೀಲಕ್ಕೆ ₹8,100, ಒಟ್ಟು ₹8,10,000. ₹5,00,000 ಸಾಲ ಇದೆ, ವರ್ಷಕ್ಕೆ ಶೇ 10 ಬಡ್ಡಿ. ಮೂರು ತಿಂಗಳು ಇಟ್ಟರೆ ಬಡ್ಡಿ ₹12,500. ಚೀಲ, ಜಾಗ, ಇಲಿ ಕಾಟ ಎಲ್ಲ ಸೇರಿ ₹3,000 ಅಂತಿರಲಿ. ತೂಕದಲ್ಲಿ ಶೇ 1 ಇಳಿಯುತ್ತೆ, ಅಂದರೆ ಕೊನೆಗೆ ತೂಗೋದು 99 ಚೀಲ.

ಈಗ ಪ್ರಶ್ನೆ: ಮೂರು ತಿಂಗಳಾದ ಮೇಲೆ ಓಟಿ ರೇಟ್ ಎಷ್ಟಿದ್ದರೆ ಇವತ್ತು ಮಾರಿದ್ದಕ್ಕೆ ಸಮ ಆಗುತ್ತೆ? ₹8,10,000ಕ್ಕೆ ₹15,500 ಸೇರಿಸಿ, 99ರಿಂದ ಭಾಗಿಸಿ, 27ರಿಂದ ಭಾಗಿಸಿ. ಹತ್ತಿರ ಹತ್ತಿರ ₹309. ಅಂದರೆ ₹9 ಏರಿದರೆ ಸಮ. ಇಲ್ಲಿಗೇ ನಿಲ್ಲಿಸಿದರೆ "ಅಷ್ಟೇನಾ, ಇಟ್ಟುಬಿಡೋಣ" ಅನ್ನಿಸುತ್ತೆ. ಹೆಚ್ಚಿನ ವಿದ್ಯಾರ್ಥಿಗಳ ಉತ್ತರ ಇಲ್ಲಿಗೇ ಮುಗಿಯುತ್ತೆ.

ಮುಂದೆ ಹೋಗಿ. ರೇಟ್ ₹30 ಏರಿ ₹330 ಆಯ್ತು ಅಂದುಕೊಳ್ಳಿ. ಖರ್ಚು ಕಳೆದು ಕೈಗೆ ₹8,66,590. ಇವತ್ತು ಮಾರಿದ್ದಕ್ಕಿಂತ ಸುಮಾರು ₹56,600 ಹೆಚ್ಚು. ರೇಟ್ ಅದೇ ₹30 ಇಳಿದು ₹270 ಆಯ್ತು ಅಂದುಕೊಳ್ಳಿ. ಕೈಗೆ ₹7,06,210. ನಷ್ಟ ಸುಮಾರು ₹1,03,800. ಏರಿಳಿತ ಎರಡೂ ಕಡೆ ಒಂದೇ, ಆದರೆ ಲಾಭಕ್ಕಿಂತ ನಷ್ಟ ಹೆಚ್ಚುಕಡಿಮೆ ಎರಡರಷ್ಟು. ಕಾಯೋದಕ್ಕೆ ತಗಲುವ ಖರ್ಚು ರೇಟ್ ಏರಿದರೂ ಕಟ್ಟಬೇಕು, ಇಳಿದರೂ ಕಟ್ಟಬೇಕು. ನಿಮ್ಮ ವಿಶ್ಲೇಷಣೆಯ ಜೀವ ಇರೋದು ಈ ಒಂದು ಮಾತಿನಲ್ಲಿ.

ಮೂರನೇ ದಾರಿಯನ್ನೂ ಮರೀಬೇಡಿ. ಅರ್ಧ ಮಾರಿ ₹4,00,000 ಸಾಲ ಕಟ್ಟಿದರೆ ಬಡ್ಡಿ ₹2,500ಕ್ಕೆ ಇಳಿಯುತ್ತೆ. ಇಡೋ ಖರ್ಚನ್ನೂ ಅರ್ಧ ಹಿಡಿಯಿರಿ. ಆಗ ₹30 ಏರಿದರೆ ಲಾಭ ಸುಮಾರು ₹32,000, ಇಳಿದರೆ ನಷ್ಟ ಸುಮಾರು ₹48,000.

ಬೆಂಗಳೂರಲ್ಲಿರೋ ಮಡಿಕೇರಿಯವ

ಸೂಪರ್ ಲೆಕ್ಕ. ಒಂದು ಸೇರಿಸಬಹುದು: ಇವತ್ತೇ ಮಾರಿ ಸಾಲ ತೀರಿಸಿದ ಮೇಲೆ ₹3,10,000 ಉಳಿಯುತ್ತಲ್ಲ, ಅದನ್ನ ಶೇ 6ರ ಠೇವಣಿಯಲ್ಲಿಟ್ಟರೆ ಮೂರು ತಿಂಗಳಿಗೆ ₹4,650. ಚೆರಿ ಇಟ್ಟರೆ ಅದು ಕೈತಪ್ಪುತ್ತೆ. ಆಗ ಸಮ ಆಗೋ ರೇಟ್ ₹309 ಅಲ್ಲ, ₹311ರ ಹತ್ತಿರ. ಅವಕಾಶ ವೆಚ್ಚ ಅಂತ ಥಿಯರಿಯಲ್ಲಿ ಓದಿದ್ದು ಇದೇ.

ಮತ್ತೆ ಶಿಫಾರಸು ಗಟ್ಟಿಯಾಗಿರಲಿ. "ಪರಿಸ್ಥಿತಿ ನೋಡಿಕೊಂಡು ಮಾರುವುದು ಸೂಕ್ತ" ಅಂತ ಮಾತ್ರ ಬರೀಬೇಡಿ.

ಸಿದ್ದಾಪುರ ಬೆಳೆಗಾರ

ಗಟ್ಟಿಯಾಗಿ ಹೇಳೋಕೆ ರೇಟು ಎತ್ತ ಹೋಗುತ್ತೆ ಅಂತ ಯಾರಿಗೆ ಗೊತ್ತು? ಮೂವತ್ತು ವರ್ಷ ತೋಟ ಮಾಡಿದವರಿಗೇ ಗೊತ್ತಿಲ್ಲ, ಇಪ್ಪತ್ತರ ಹುಡುಗಿ "ಜೂನ್‌ವರೆಗೆ ಇಡಿ" ಅಂತ ಬರೆದು ಸಹಿ ಹಾಕೋದು ನ್ಯಾಯಾನಾ?

ಇನ್ನೊಂದು, ಆ ಶೇ 10 ಬಡ್ಡಿ. ಸೊಸೈಟಿ ಬೆಳೆಸಾಲದ್ದು ಒಂದು ಬಡ್ಡಿ, ಬ್ಯಾಂಕಿನದ್ದು ಒಂದು, ವ್ಯಾಪಾರಿ ಹತ್ರ ಅಡ್ವಾನ್ಸ್ ತಗೊಂಡಿದ್ರೆ ಅದರ ಕಥೆಯೇ ಬೇರೆ. ಅಡ್ವಾನ್ಸ್ ಕೊಟ್ಟವನಿಗೇ ಕಾಫಿ ಕೊಡಬೇಕು ಅನ್ನೋ ಮಾತಿರುತ್ತೆ. ಅಂಥವನಿಗೆ ಇಡೋದಾ ಮಾರೋದಾ ಅನ್ನೋ ಸ್ವಾತಂತ್ರ್ಯವೇ ಅರ್ಧ. ಯಾವ ಸಾಲ ಅಂತ ಮೊದಲು ಕೇಳು.

ವಿರಾಜಪೇಟೆ ಕಾಮರ್ಸ್ ಮೇಡಂ

ಅಡ್ವಾನ್ಸ್ ವಿಷಯ ಬಂದದ್ದು ಬಹಳ ಒಳ್ಳೆಯದಾಯಿತು. ಪುಸ್ತಕದಲ್ಲಿ ಇದು ಸಿಗುವುದಿಲ್ಲ, ಊರಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ. ಸ್ಥಳೀಯ ಕೇಸ್ ಬರೆಸುವುದೇ ಇದಕ್ಕಾಗಿ.

ಬೆಳೆಗಾರರು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ವಿದ್ಯಾರ್ಥಿ ರೇಟನ್ನು ಊಹಿಸಬೇಕಾಗಿಲ್ಲ. ಈ ಮನೆಯವರು ಎಷ್ಟು ನಷ್ಟ ತಡೆದುಕೊಳ್ಳಬಲ್ಲರು ಅನ್ನುವುದನ್ನು ತಿಳಿದು ಅದಕ್ಕೆ ತಕ್ಕ ದಾರಿ ಹೇಳಬೇಕು. ಜೂನ್‌ನಲ್ಲಿ ಮಗನ ಕಾಲೇಜು ಫೀಸ್ ಕಟ್ಟಬೇಕು, ಬೇರೆ ಆದಾಯ ಇಲ್ಲ ಅಂದರೆ ಲಕ್ಷ ರೂಪಾಯಿ ನಷ್ಟ ಆ ಮನೆಗೆ ದೊಡ್ಡ ಪೆಟ್ಟು. ಆಗ "ಅರ್ಧ ಈಗಲೇ ಮಾರಿ ಸಾಲದ ಹೆಚ್ಚಿನ ಭಾಗ ತೀರಿಸಿ. ಉಳಿದದ್ದಕ್ಕೆ ಓಟಿಗೆ ₹285 ಅಂತ ಕೆಳಗಿನ ಗೆರೆ ಹಾಕಿಕೊಳ್ಳಿ, ರೇಟ್ ಅಲ್ಲಿಗೆ ಬಂದ ದಿನ ಕೊಟ್ಟುಬಿಡಿ" ಅನ್ನುವುದು ಗಟ್ಟಿ ಶಿಫಾರಸು. ಕರಿಮೆಣಸಿನ ದುಡ್ಡು ಬರಲಿದೆ, ಸಾಲದ ಒತ್ತಡ ಇಲ್ಲ ಅಂದರೆ ಉತ್ತರವೂ ಬೇರೆ. ಎರಡೂ ಸರಿ, ಅವರವರ ಮನೆಯ ಲೆಕ್ಕಕ್ಕೆ.

ಹೀಗೆ ಬರೆದವರು ಕ್ಲಾಸಿನಲ್ಲಿ ಎದ್ದು ನಿಂತು ಸಮರ್ಥಿಸಿಕೊಳ್ಳಬಲ್ಲರು. ಚಾಟ್‌ಜಿಪಿಟಿಯಿಂದ ತಂದವರನ್ನು "ಇವರ ಸಾಲ ಯಾರ ಹತ್ತಿರ ಇದೆ?" ಅಂತ ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ.

ಕಕ್ಕಬ್ಬೆ ಹೋಂಸ್ಟೇ

ಹೋಂಸ್ಟೇ ಬಿಟ್ಟೇಬಿಟ್ಟಿರಲ್ಲ, ನಾನೂ ಒಂದು ಲೆಕ್ಕ ಕೊಡ್ತೀನಿ. ಬೇರೆ ಯಾರಾದರೂ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರಲಿ.

ಮಳೆಗಾಲದಲ್ಲಿ ರೂಮು ಖಾಲಿ. ಬುಕಿಂಗ್ ಆ್ಯಪ್‌ನವರು ಫೋನ್ ಮಾಡಿ "ರೇಟ್ ಇಳಿಸಿ, ತುಂಬುತ್ತೆ" ಅಂತಾರೆ. ಒಬ್ಬರಿಗೆ ಒಂದು ದಿನಕ್ಕೆ ₹2,500 ಅಂತಿಟ್ಟುಕೊಳ್ಳಿ, ಊಟ ತಿಂಡಿ ಸೇರಿ. ಆ್ಯಪ್ ಕಮಿಷನ್ ಶೇ 20, ₹500. ಒಬ್ಬ ಅತಿಥಿ ಬಂದರೆ ಮಾತ್ರ ಆಗೋ ಖರ್ಚು, ಅಂದರೆ ಊಟ, ಒಗೆಯೋದು, ಸೌದೆ, ಹೆಚ್ಚುವರಿ ಕೆಲಸದವರ ಕೂಲಿ, ₹1,300. ಉಳಿಯೋದು ₹700. ಈಗ ರೇಟನ್ನ ₹1,800ಕ್ಕೆ ಇಳಿಸಿ. ಕಮಿಷನ್ ₹360, ಖರ್ಚು ಅದೇ ₹1,300. ಉಳಿಯೋದು ₹140! ರೇಟ್ ಇಳಿದದ್ದು ಶೇ 28, ಉಳಿಕೆ ಇಳಿದದ್ದು ಶೇ 80. ಮೊದಲಿನಷ್ಟೇ ದುಡ್ಡು ನೋಡಬೇಕಾದರೆ ಐದು ಪಟ್ಟು ಜನ ಬರಬೇಕು. ನಾಲ್ಕು ರೂಮಿನ ಮನೆಗೆ ಐದು ಪಟ್ಟು ಜನ ಎಲ್ಲಿಂದ ಬರ್ತಾರೆ, ಬಂದರೂ ಎಲ್ಲಿ ಮಲಗಿಸೋದು? ಕೆಲವರು ಮಳೆಗಾಲದಲ್ಲಿ ಬಾಗಿಲು ಹಾಕಿ ರಿಪೇರಿ ಮಾಡಿಸೋದು ಸೋಮಾರಿತನದಿಂದ ಅಲ್ಲ.

ಇನ್ನೊಂದು ಕೇಸ್ 2018ರ ಆಗಸ್ಟ್‌ನದ್ದು. ಭೂಕುಸಿತ ಆಯ್ತು, ರಸ್ತೆಗಳು ಹೋದವು, ಪ್ರವಾಸಿಗರು ಬರೋದು ನಿಂತೇಹೋಯ್ತು. ಕುಸಿತ ಆದ ಜಾಗದಿಂದ ದೂರ ಇದ್ದ ಮನೆಗಳಿಗೂ ಬುಕಿಂಗ್ ರದ್ದಾಯ್ತು, ಯಾಕಂದ್ರೆ ಟಿವಿ ನೋಡೋರಿಗೆ ಕೊಡಗು ಅಂದ್ರೆ ಎಲ್ಲ ಒಂದೇ. ಅಡ್ವಾನ್ಸ್ ವಾಪಸ್ ಕೊಡೋದಾ, ಮುಂದಿನ ತಾರೀಖಿಗೆ ಹಾಕಿಕೊಳ್ಳಿ ಅನ್ನೋದಾ, ಅಡುಗೆಯವರನ್ನ ಇಟ್ಟುಕೊಳ್ಳೋದಾ ಬಿಡೋದಾ? ಆ ವಾರ ಪ್ರತಿ ಮನೆಯಲ್ಲೂ ನಿಜವಾಗಿ ಎದುರಾದ ಪ್ರಶ್ನೆಗಳು ಇವು. ಯಾವ ಪುಸ್ತಕದ ಕೇಸಿಗೂ ಕಡಿಮೆ ಇಲ್ಲ.

ನಾಪೋಕ್ಲು ಹಾಕಿ

ಕೊಡವ ಕೌಟುಂಬಿಕ ಹಾಕಿ ಉತ್ಸವ ಯಾರಿಗೂ ಹೊಳೆಯಲಿಲ್ವಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ತಂಡ. 2024ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ, ಗಿನ್ನೆಸ್ ದಾಖಲೆಯೂ ಆಯ್ತು. ಬಿಸಿನೆಸ್ ಕ್ಲಾಸಿಗೆ ಇದರಲ್ಲಿರೋ ಅಸಲಿ ಪ್ರಶ್ನೆ ಇದು: ಪ್ರತಿ ವರ್ಷ ಬೇರೆ ಕುಟುಂಬ ನಡೆಸುತ್ತೆ. ಅಂದರೆ ಹಿಂದಿನ ವರ್ಷ ಕಲಿತದ್ದು ಮುಂದಿನ ವರ್ಷದವರಿಗೆ ತಾನಾಗಿ ದಾಟೋದಿಲ್ಲ. ಗ್ಯಾಲರಿ ಹಾಕೋರು, ಅಂಪೈರ್‌ಗಳು, ಪ್ರಾಯೋಜಕರು, ಮೈದಾನ ಎಲ್ಲವನ್ನೂ ಹೊಸಬರು ಮತ್ತೆ ಮೊದಲಿಂದ ಹೊಂದಿಸಬೇಕು. ನಾಕೌಟ್ ಆದ್ದರಿಂದ 360 ತಂಡ ಅಂದರೆ ಒಬ್ಬ ವಿಜೇತ ಸಿಗೋಕೆ 359 ಪಂದ್ಯ. ದಿನಕ್ಕೆ ಎಷ್ಟು ಆಡಿಸಬಹುದು, ಎಷ್ಟು ಮೈದಾನ ಬೇಕು, ಏಪ್ರಿಲ್ ಮಳೆ ಬಂದರೆ ಏನು? ಆಪರೇಷನ್ಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಕೇಸ್ ಬೇಕಾ?

ಸುಂಟಿಕೊಪ್ಪ ಬಿಬಿಎ

ಅಯ್ಯೋ, ಇದನ್ನ ನನ್ನ ಗೆಳತಿಗೆ ಹೇಳ್ತೀನಿ, ಅವಳಿಗೆ ಹಾಕಿ ಅಂದ್ರೆ ಪ್ರಾಣ.

ಮಾವನ ಹತ್ರ ಕೂತು ಮಾತಾಡಿ ಬಂದೆ. ಅಂಕಿಗಳೆಲ್ಲ ಹೇಳಿದ್ರು. ಆದರೆ ಹೊರಡುವಾಗ "ನನ್ನ ಸಾಲದ ವಿಷಯ ಇಡೀ ಕಾಲೇಜಿಗೆ ಗೊತ್ತಾಗೋದು ಬೇಡ" ಅಂದ್ರು. ಈಗ ಏನು ಮಾಡಲಿ? ಸಾಲ ಬಿಟ್ಟರೆ ಕೇಸೇ ನಿಲ್ಲೋದಿಲ್ಲ.

ವಿರಾಜಪೇಟೆ ಕಾಮರ್ಸ್ ಮೇಡಂ

ಅವರು ಹೇಳಿದ್ದು ಸರಿ, ಅದಕ್ಕೆ ಗೌರವ ಕೊಡಲೇಬೇಕು. ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ಕೇಸ್ ಬರೆದ ಮೇಲೆ ಸಂಬಂಧಪಟ್ಟವರಿಗೆ ತೋರಿಸಿ ಒಪ್ಪಿಗೆ ಪಡೆದೇ ಕ್ಲಾಸಿಗೆ ತರುವುದು. ಮರೆಮಾಚುವ ಪದ್ಧತಿಯೂ ಇದೆ. ಹೆಸರು, ಊರು ಬದಲಿಸಿ, ಸಂಬಂಧವನ್ನು ಹೇಳಬೇಡಿ. "ಮಾವ" ಹೋಗಿ "ದಕ್ಷಿಣ ಕೊಡಗಿನ ಒಬ್ಬ ಬೆಳೆಗಾರ" ಆಗಲಿ. ಆಮೇಲೆ ಚೀಲ, ಸಾಲ, ಇಡುವ ಖರ್ಚು ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ, 0.8 ಅಂತಿರಲಿ. ಓಟಿ, ರೇಟ್, ಬಡ್ಡಿ ದರ ಇವನ್ನು ಮುಟ್ಟಬೇಡಿ. ಆಗ ಅನುಪಾತ ಕೆಡುವುದಿಲ್ಲ, ಸಮ ಆಗುವ ರೇಟ್ ಕೂಡ ಅಷ್ಟೇ ಬರುತ್ತದೆ, ಅವರ ನಿಜವಾದ ಸಾಲ ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ. ಬರೆದು ಮುಗಿಸಿದ ಮೇಲೆ ಅವರಿಗೆ ಓದಿ ಹೇಳಿ. ಬೇಡ ಅಂದ ಸಾಲು ತೆಗೆಯಿರಿ.

ಸುಂಟಿಕೊಪ್ಪ ಬಿಬಿಎ

ಹಾಗೇ ಮಾಡಿದೆ. ಓದಿ ಹೇಳಿದೆ, ಒಪ್ಪಿದ್ರು. ಮೊದಲ ಪ್ಯಾರಾ ಈಗ ಹೀಗಿದೆ:

"ಮಾರ್ಚ್ ಎರಡನೇ ವಾರ. ದಕ್ಷಿಣ ಕೊಡಗಿನ ಒಬ್ಬ ರೋಬಸ್ಟಾ ಬೆಳೆಗಾರರ ಗೋಡೌನ್‌ನಲ್ಲಿ 80 ಚೀಲ ಒಣ ಚೆರಿ ಇದೆ. ಸ್ಯಾಂಪಲ್‌ನಲ್ಲಿ 27 ಓಟಿ ಬಂದಿದೆ. ಬ್ಯಾಂಕಿನ ₹4,00,000 ಸಾಲದ ಗಡುವು ಈ ತಿಂಗಳ ಕೊನೆ. ಬಡ್ಡಿ ಕಟ್ಟಿದರೆ ಮೂರು ತಿಂಗಳು ಮುಂದೂಡಬಹುದು. ಪರಿಚಯದ ವ್ಯಾಪಾರಿ ಶನಿವಾರ ಲಾರಿ ಕಳಿಸುವುದಾಗಿ ಹೇಳಿದ್ದಾರೆ. ಅಣ್ಣ ಪೂರ್ತಿ ಕೊಟ್ಟುಬಿಡು ಎನ್ನುತ್ತಾರೆ, ಪಕ್ಕದ ತೋಟದವರು ಇನ್ನೂ ಏರುತ್ತದೆ ಎಂದು ಇಟ್ಟುಕೊಂಡಿದ್ದಾರೆ. ಲಾರಿಗೆ ಎಷ್ಟು ಚೀಲ ಹೇರಬೇಕೆಂದು ಬೆಳೆಗಾರರು ಶುಕ್ರವಾರ ಸಂಜೆಯೊಳಗೆ ತಿಳಿಸಬೇಕು."

ಸಿದ್ದಾಪುರ ಬೆಳೆಗಾರ

ಇದು ನಮ್ಮನೆ ಕಥೆಯೇ. ಚೆನ್ನಾಗಿ ಬಂದಿದೆ ಮಗಳೇ.

ಗೋಣಿಕೊಪ್ಪ ಲೆಕ್ಕಪತ್ರ

ಬಹಳ ಒಳ್ಳೆಯದು. ಓದಿದ ಕೂಡಲೇ ನಾನೇ ಪೆನ್ನು ತಗೊಂಡು ಲೆಕ್ಕ ಹಾಕೋಕೆ ಕೂತೆ. ಇವತ್ತಿನ ಓಟಿ ರೇಟ್ ಮಾತ್ರ ಈ ಪ್ಯಾರಾದಲ್ಲಿ ಇಲ್ಲ, ಅದನ್ನ ಸೇರಿಸಿ. ಬಡ್ಡಿ ದರ ಎರಡನೇ ಪ್ಯಾರಾಗೆ ಬಂದರೂ ಸಾಕು.

ಸುಂಟಿಕೊಪ್ಪ ಬಿಬಿಎ

ಸೇರಿಸ್ತೀನಿ. ಕೊನೆಯದಾಗಿ ಒಂದು: ಮೂರು ದಾರಿ, ಏರಿದರೆ ಎಷ್ಟು ಇಳಿದರೆ ಎಷ್ಟು ಅನ್ನೋ ಕೋಷ್ಟಕ ಕೇಸಲ್ಲಿ ಹಾಕಲಾ, ವಿಶ್ಲೇಷಣೆಯಲ್ಲಾ? ಎರಡು ಪುಟದೊಳಗೆ ಹಿಡಿಸ್ತಾ ಇಲ್ಲ.

ವಿರಾಜಪೇಟೆ ಕಾಮರ್ಸ್ ಮೇಡಂ

ವಿಶ್ಲೇಷಣೆಯಲ್ಲಿ. ಕೇಸಿನಲ್ಲಿ ಹಾಕಿದರೆ ಓದುವವರ ಕೆಲಸವನ್ನು ನೀವೇ ಮಾಡಿಕೊಟ್ಟ ಹಾಗೆ. ಜಾಗಕ್ಕೆ ಮೂರು ಸಾಲು, ಮೂರು ಕಲಂ ಸಾಕು: ದಾರಿ, ₹30 ಏರಿದರೆ, ₹30 ಇಳಿದರೆ. ಲೆಕ್ಕದ ಹಂತಗಳನ್ನು ಹಿಂದೆ ಬೇರೆ ಹಾಳೆಯಲ್ಲಿ ಲಗತ್ತಿಸಬಹುದೇ ಅಂತ ಸರ್ ಹತ್ತಿರ ಕೇಳಿ, ಸಾಮಾನ್ಯವಾಗಿ ಅದನ್ನು ಪುಟದ ಮಿತಿಗೆ ಸೇರಿಸುವುದಿಲ್ಲ. ಕೋಷ್ಟಕದ ಕೆಳಗೆ ಒಂದು ಸಾಲು ಮರೆಯದೆ ಬರೆಯಿರಿ: ಅಂಕಿಗಳನ್ನು ಬೆಳೆಗಾರರ ಒಪ್ಪಿಗೆಯಿಂದ, ಅನುಪಾತ ಉಳಿಸಿಕೊಂಡು ಬದಲಿಸಲಾಗಿದೆ.